ಬಾಗಬೇಕಾದ ಕಬ್ಬಿಣ

ಹಳೆಯ ಬುಲೆಟ್ಟು ಓಡುವಾಗ ಬೀಳುವುದಕ್ಕಿಂತ ನಿಂತಲ್ಲೇ ಬೀಳುವುದು ಹೆಚ್ಚು. ಮಲೆನಾಡಿನಲ್ಲಿ ಅದನ್ನು ಓಡಿಸಿದವರಿಗೆಲ್ಲ ಇದು ಗೊತ್ತಿರುವ ಮಾತು. ಆಷಾಢದ ಮಳೆಗೆ ಮೆತ್ತಗಾದ ಅಂಗಳದಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ಒಳಗೆ ಹೋಗಿರುತ್ತೇವೆ. ನೂರ ಅರವತ್ತು ಕಿಲೋಗೂ ಮಿಕ್ಕಿದ ಗಾಡಿಯ ಭಾರದಲ್ಲಿ ಒಂದು ಪಾಲು ಅಂಗೈಯಗಲವೂ ಇಲ್ಲದ ಆ ಕಬ್ಬಿಣದ ಪಾದದ ಮೇಲೆ ಕೂತಿರುತ್ತದೆ. ಪಾದ ಮೆಲ್ಲಗೆ ಮಣ್ಣೊಳಗೆ ಇಳಿಯುತ್ತದೆ. ಮನೆಯವರು ಕೊಟ್ಟ ಕಾಫಿ ಕುಡಿದು ಹೊರಗೆ ಬರುವ ಹೊತ್ತಿಗೆ ಗಾಡಿ ಎಡಮಗ್ಗುಲಾಗಿ ಮಲಗಿರುತ್ತದೆ, ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲು ಒಸರುತ್ತಿರುತ್ತದೆ.

ಎಡಕ್ಕೆ ಬಿದ್ದರೆ ಏನೇನು ಹೋಗುತ್ತದೆ, ಬಲಕ್ಕೆ ಬಿದ್ದರೆ ಏನೇನು ಎಂಬ ಲೆಕ್ಕ ಬೇರೆ ಬೇರೆ. ನನ್ನದು 1984ರ ಗಾಡಿ. ಆ ಕಾಲದ ಬುಲೆಟ್ಟಿನಲ್ಲಿ ಬ್ರೇಕು ಎಡಗಾಲಿಗೆ, ಗೇರು ಬಲಗಾಲಿಗೆ. ಎಡಕ್ಕೆ ಉರುಳಿದರೆ ಬ್ರೇಕ್ ಪೆಡಲ್ಲು ಒಳಕ್ಕೆ ಮಡಚಿಕೊಂಡು ಪ್ರೈಮರಿ ಚೈನಿನ ಕವರಿಗೆ ಒತ್ತುತ್ತದೆ. ಅಲ್ಯುಮಿನಿಯಮ್ಮಿನ ಆ ಕವರು ನಡುವಿನ ಒಂದೇ ಒಂದು ನಟ್ಟಿನ ಬಲದಲ್ಲಿ ನಿಂತಿರುವಂಥದು. ಎಲ್ಲಾದರೂ ಸ್ವಲ್ಪ ತಗ್ಗು ಬಿದ್ದರೆ ಸುತ್ತಲಿನ ಸೀಲು ಸರಿಯಾಗಿ ಕೂರುವುದಿಲ್ಲ, ಒಳಗಿನ ಎಣ್ಣೆ ತೊಟ್ಟಿಕ್ಕಲು ಶುರುವಾಗುತ್ತದೆ. ಬಲಕ್ಕೆ ಬಿದ್ದರೆ ಕಿಕ್ಕರು, ಗೇರ್ ಲಿವರು, ಸೈಲೆನ್ಸರಿನ ಬೆಂಡ್ ಪೈಪು ಮೂರೂ ಪೆಟ್ಟು ತಿನ್ನುತ್ತವೆ. ಅದಕ್ಕಿಂತ ಹೆಚ್ಚಾಗಿ ನಾನು ಹೆದರುತ್ತಿದ್ದುದು ಟೈಮಿಂಗ್ ಕವರಿಗೆ. ಅದರ ಹಿಂದೆಯೇ ಟೈಮಿಂಗ್ ಗೇರುಗಳಿವೆ, ಎಣ್ಣೆಯನ್ನು ಇಂಜಿನ್ನಿಗೆ ಕಳಿಸುವ ಒಂದು ಪಂಪು, ವಾಪಸು ಎಳೆಯುವ ಇನ್ನೊಂದು ಪಂಪು ಇವೆ. ಅಲ್ಲಿ ಒಂದು ಬಿರುಕು ಬಿಟ್ಟಿತೆಂದರೆ ಗಾಡಿಯನ್ನು ತಳ್ಳಿಕೊಂಡೇ ಹೋಗಬೇಕು.

ನಾನು ಪಶುವೈದ್ಯ. ಮೂಡಿಗೆರೆ ತಾಲ್ಲೂಕಿನಲ್ಲಿ ನೌಕರಿಯಲ್ಲಿದ್ದೆ. ಕರು ಅಡ್ಡ ಸಿಕ್ಕಿಕೊಂಡ ಹಸುವಿಗೆ, ಹೊಟ್ಟೆ ಉಬ್ಬರಿಸಿದ ಎಮ್ಮೆಗೆ ರಾತ್ರಿ ಹಗಲೆಂಬುದಿಲ್ಲ. ಗಾಡಿ ಕೆಟ್ಟು ನಿಂತರೆ ಅಲ್ಲೊಂದು ಜೀವ ಹೋಗುತ್ತದೆ. ಹಾಗಾಗಿ ಲೆಗ್ ಗಾರ್ಡಿನ ವಿಷಯ ನನಗೆ ಶೋಕಿಯದಾಗಿರಲಿಲ್ಲ. ಇಂಜಿನ್ನಿನ ಎರಡೂ ಪಕ್ಕಕ್ಕೆ ಚಾಚಿಕೊಂಡು, ಬಿದ್ದಾಗ ನೆಲವನ್ನು ಮೊದಲು ತಾನು ಮುಟ್ಟಿ, ಮಿಕ್ಕದ್ದನ್ನು ಎತ್ತರದಲ್ಲಿ ಉಳಿಸುವ ಒಂದು ಬಾಗಿದ ಪೈಪು ನನಗೆ ಬೇಕೇ ಬೇಕಾಗಿತ್ತು.

ಗಾಡಿಯನ್ನು ನಾನು ಕೊಂಡದ್ದು 2011ರಲ್ಲಿ, ಬಣಕಲ್ ಕಡೆಯ ಒಂದು ಕಾಫಿ ಎಸ್ಟೇಟಿನ ರೈಟರ್ ಒಬ್ಬರಿಂದ. ಎಸ್ಟೇಟಿನ ಲೆಕ್ಕ ಬರೆಯುವವರಾದರೂ ಆಳುಗಳ ಹಿಂದೆ ತೋಟವೆಲ್ಲ ಸುತ್ತುತ್ತಿದ್ದವರು. ಗಾಡಿಯನ್ನು ಬಹಳ ಚೆನ್ನಾಗಿ ಇಟ್ಟುಕೊಂಡಿದ್ದರು. ಗಾರ್ಡು ಮಾತ್ರ ಇರಲಿಲ್ಲ. ಕೇಳಿದ್ದಕ್ಕೆ ಅವರು ಹೇಳಿದ ಕಾರಣ ಸರಳವಾಗಿತ್ತು. ಅವರು ದಿನವೂ ದಾಟಬೇಕಿದ್ದ ಉಣುಗೋಲಿನ ಪಕ್ಕದ ಸಂದು ಬಹಳ ಕಿರಿದು. ಗಳ ಸರಿಸಿ, ಗಾಡಿ ದಾಟಿಸಿ, ಮತ್ತೆ ಗಳ ಹಾಕುವಷ್ಟು ವ್ಯವಧಾನ ಇಲ್ಲದಾಗ ಪಕ್ಕದ ಸಂದಿನಲ್ಲೇ ನುಗ್ಗಿಸುತ್ತಿದ್ದರಂತೆ, ಗಾರ್ಡು ಪ್ರತಿಸಲ ಗೂಟಕ್ಕೆ ಸಿಕ್ಕಿಕೊಳ್ಳುತ್ತಿತ್ತಂತೆ. ಬಿಚ್ಚಿ ಕೊಟ್ಟಿಗೆಯ ಹಿಂದೆ ಎಸೆದದ್ದನ್ನು ಯಾರೋ ಗುಜರಿಗೆ ಹಾಕಿಬಿಟ್ಟಿದ್ದರು.

ಆದರೂ ಅದು ಇದ್ದ ಗುರುತು ಗಾಡಿಯ ಮೇಲೆ ಉಳಿದಿತ್ತು. ಮುಂದಿನ ಚಕ್ರದ ಹಿಂದೆ, ಟ್ಯಾಂಕಿನ ಅಡಿಯಿಂದ ಇಂಜಿನ್ನಿನ ಮುಂಭಾಗಕ್ಕೆ ಇಳಿಯುವ ದಪ್ಪ ಕೊಳವೆಯನ್ನು ನಮ್ಮ ಮೇಸ್ತ್ರಿಗಳು ಡೌನ್ ಟ್ಯೂಬ್ ಎನ್ನುತ್ತಾರೆ. ಅದರ ನಡುಮಟ್ಟದಲ್ಲಿ ಬಣ್ಣ ಉಜ್ಜಿಹೋಗಿ ಒಂದು ಬಳೆಯಂಥ ಗೆರೆ ಬಿದ್ದಿತ್ತು. ಕ್ಲಾಂಪು ಕೂತಿದ್ದ ಜಾಗ ಅದು. ಕೆಳಗೆ ಇಂಜಿನ್ ಪ್ಲೇಟುಗಳ ಮೂಲಕ ಹಾಯುವ ಸ್ಟಡ್ಡಿನ ತುದಿಗಳಲ್ಲಿ ವಾಷರುಗಳನ್ನು ಒಂದರ ಮೇಲೊಂದು ಪೇರಿಸಿ ಖಾಲಿ ಜಾಗ ತುಂಬಿದ್ದರು. ಗಾರ್ಡಿನ ಕಾಲು ಅಲ್ಲಿ ಇದ್ದಿರಬೇಕು. ಅಂದರೆ ಈ ಗಾಡಿಗೆ ಗಾರ್ಡು ಎಲ್ಲಿ ಹಿಡಿಯಬೇಕೆಂಬುದನ್ನು ಗಾಡಿಯೇ ತೋರಿಸುತ್ತಿತ್ತು, ನಾನು ಅದಕ್ಕೆ ಹೊಂದುವ ಪೈಪು ಹುಡುಕಬೇಕಿತ್ತು, ಅಷ್ಟೇ.

ಆ ಅಷ್ಟೇ ಎನ್ನುವ ಕೆಲಸ ನನ್ನನ್ನು ಬಹಳ ಊರು ಸುತ್ತಿಸಿತು.

ಕಾರಣ ಇಷ್ಟು. ಇಂಗ್ಲೆಂಡಿನ ರೆಡ್ಡಿಚ್‌ನಲ್ಲಿ ಹುಟ್ಟಿದ ಬುಲೆಟ್ಟು 1955ರಿಂದ ಮದ್ರಾಸಿನಲ್ಲಿ ತಯಾರಾಗತೊಡಗಿದ ಮೇಲೆ, ಅರ್ಧ ಶತಮಾನಕ್ಕೂ ಮಿಕ್ಕಿ ಅದರ ಮೂಲ ರಚನೆ ಹೆಚ್ಚು ಬದಲಾಗಲಿಲ್ಲ. ಇಂಜಿನ್ ಬೇರೆ, ಗೇರ್ ಬಾಕ್ಸ್ ಬೇರೆ, ಅವೆರಡನ್ನೂ ಪ್ಲೇಟುಗಳಿಂದ ಚಾಸಿಗೆ ಬಿಗಿಯುವುದು. ಆಗೆಲ್ಲ ಗಾರ್ಡು ಎಲ್ಲ ಊರಿನಲ್ಲೂ ಸಿಗುತ್ತಿತ್ತು. 2009ರಲ್ಲಿ ಕ್ಲಾಸಿಕ್ ಬಂದು, ಇಂಜಿನ್ನು ಗೇರ್ ಬಾಕ್ಸು ಒಂದೇ ಎರಕದೊಳಗೆ ಸೇರಿದ ಮೇಲೆ ಅಂಗಡಿಗಳ ಸಾಮಾನೆಲ್ಲ ಹೊಸ ಗಾಡಿಯ ಅಳತೆಗೆ ತಿರುಗಿತು. ನಾನು ಹುಡುಕಲು ಹೊರಟಾಗ ಗೋಡೆಗೆ ಸಾಲಾಗಿ ತೂಗುಹಾಕಿದ್ದ ಹೊಳೆಯುವ ಗಾರ್ಡುಗಳೆಲ್ಲ ಹೊಸ ಗಾಡಿಯವು. ಕೌಂಟರಿನವರು "ಎಲ್ಲ ಬುಲೆಟ್ಟಿಗೂ ಒಂದೇ ಸಾರ್" ಎನ್ನುತ್ತಿದ್ದರು. ಒಂದು ಅಂಗಡಿಯಿಂದ ತಂದದ್ದರ ಮೇಲಿನ ಕ್ಲಾಂಪು ಹಿಡಿಯಿತು, ಆದರೆ ಕೆಳಗಿನ ಕಣ್ಣು ಸ್ಟಡ್ಡಿಗಿಂತ ಹೆಬ್ಬೆರಳಗಲ ಮುಂದೆ ನಿಂತಿತು. ತೂತನ್ನು ಉದ್ದಮಾಡಿ ಎಳೆದು ಬಿಗಿದರೆ ಕೂರುತ್ತದೆ ಎಂದರು. ನಾನು ವಾಪಸು ಕೊಟ್ಟೆ.

ಎಳೆದು ಬಿಗಿಯುವುದು ಎಂದರೇನೆಂದು ಇಲ್ಲಿ ಸ್ವಲ್ಪ ಹೇಳಬೇಕು. ಹಳೆಯ ಬುಲೆಟ್ಟಿನಲ್ಲಿ ಇಂಜಿನ್ನಿನ ಕೆಳಗೆ ಚಾಸಿಯ ಕೊಳವೆಗಳಿಲ್ಲ. ಡೌನ್ ಟ್ಯೂಬು ಇಂಜಿನ್ನಿನ ಮುಂದೆಯೇ ಮುಗಿಯುತ್ತದೆ, ಅಲ್ಲಿಂದ ಹಿಂದಕ್ಕೆ ಇಂಜಿನ್ನೇ ಚಾಸಿಯ ಒಂದು ಅಂಗ. ಹಾಗಿರುವಾಗ ಹೊಂದದ ಗಾರ್ಡನ್ನು ಸ್ಪ್ಯಾನರಿನ ಬಲದಿಂದ ಕೂರಿಸಿದರೆ ಆ ಎಳೆತ ಎಲ್ಲಿಯೂ ಕರಗಿಹೋಗುವುದಿಲ್ಲ. ಅದು ಡೌನ್ ಟ್ಯೂಬಿನಲ್ಲಿ, ಇಂಜಿನ್ ಪ್ಲೇಟಿನಲ್ಲಿ, ಕ್ರ್ಯಾಂಕ್ ಕೇಸಿನ ಕಿವಿಗಳಲ್ಲಿ ಹಗಲಿರುಳು ಕೂತೇ ಇರುತ್ತದೆ. ಅದರ ಮೇಲೆ ಇಂಜಿನ್ನಿನ ನಡುಕ ಬೇರೆ. ಸಿಲಿಂಡರಿನ ಅಗಲ 70 ಮಿಲಿಮೀಟರು, ಪಿಸ್ಟನ್ನಿನ ಓಟ 90 ಮಿಲಿಮೀಟರು, ಒಂದೇ ಪಿಸ್ಟನ್. ಇಂಥ ಇಂಜಿನ್ನಿನ ಕಂಪನವನ್ನು ತೂಕದ ಕಲ್ಲು ಇಟ್ಟು ಪೂರ್ತಿ ಸರಿದೂಗಿಸಲು ಆಗುವುದಿಲ್ಲ. ಎಳೆತದಲ್ಲಿರುವ ಲೋಹವನ್ನು ಹೀಗೆ ಸದಾ ಅಲ್ಲಾಡಿಸುತ್ತಿದ್ದರೆ ಬಿರುಕು ಎಲ್ಲಾದರೂ ಹುಟ್ಟಲೇಬೇಕು. ಗಾಡಿಯನ್ನು ಕಾಪಾಡಲೆಂದು ಹಾಕಿದ್ದು ಗಾಡಿ ಬೀಳುವ ಮೊದಲೇ ಅದನ್ನು ಒಡೆಯಲು ತೊಡಗಿರುತ್ತದೆ.

ಇನ್ನೊಂದು ಬಗೆಯ ಗಾರ್ಡೂ ಇತ್ತು. ಬಹಳ ದಪ್ಪ ಪೈಪಿನದು, ಎರಡು ಸುತ್ತಿನದು, ಮುಂದೆ ದೀಪ ಕಟ್ಟಲು ಪಟ್ಟಿ ಇರುವಂಥದು. ಕಾಲೇಜು ಹುಡುಗರಿಗೆ ಬಲು ಇಷ್ಟ. ಎತ್ತಿದರೆ ಕೈ ಸೋಲುವಷ್ಟು ಭಾರ. ನನಗೆ ಅದು ಬೇಡವೆನಿಸಿತು. ಆಗ ಇಂಜಿನಿಯರಿಂಗ್ ಓದುತ್ತಿದ್ದ ಮಗಳು ನನ್ನ ಅನಿಸಿಕೆಗೆ ಲೆಕ್ಕದ ಆಧಾರ ಕೊಟ್ಟಳು. ಗೋಡೆಯ ದಪ್ಪ ಒಂದೇ ಇದ್ದರೆ ಕೊಳವೆಯ ಬಿಗುವು ಹೆಚ್ಚುಕಡಿಮೆ ವ್ಯಾಸದ ಘನಕ್ಕೆ ಸರಿಯಾಗಿ ಏರುತ್ತದೆ. ಮುಕ್ಕಾಲಿಗಿಂತ ಸ್ವಲ್ಪ ಮೇಲೆ, ಅಂದರೆ ಏಳೆಂಟಾಂಶ ಇಂಚಿನ ಪೈಪಿನ ಜಾಗದಲ್ಲಿ ಒಂದಿಂಚಿನದನ್ನು ಹಾಕಿದರೆ ಅದು ಒಂದೂವರೆ ಪಟ್ಟು ಬಿಗಿ. ಒಂದೂಕಾಲು ಇಂಚಿಗೆ ಹೋದರೆ ಸುಮಾರು ಮೂರು ಪಟ್ಟು. ಬಿಗಿಯಾದಷ್ಟೂ ಒಳ್ಳೆಯದಲ್ಲವೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಬಿದ್ದ ಪೆಟ್ಟಿನ ಬಲಕ್ಕೆ ಏನೋ ಒಂದು ಬಾಗಲೇಬೇಕು. ಗಾರ್ಡು ಬಾಗಲು ಒಪ್ಪದಿದ್ದರೆ ಅದನ್ನು ಹಿಡಿದಿರುವ ಡೌನ್ ಟ್ಯೂಬು ಬಾಗುತ್ತದೆ. ಗಾರ್ಡು ಬಾಗಿದರೆ ಹೊಸದು ಹಾಕಬಹುದು, ಡೌನ್ ಟ್ಯೂಬು ಬಾಗಿದರೆ ಗಾಡಿಯ ಆಯುಷ್ಯ ಮುಗಿದಂತೆ. ಸಾಧಾರಣವಾಗಿ ಉರುಳಿದರೆ ತಡೆಯಬೇಕು, ಜೋರಾಗಿ ಬಡಿದರೆ ತಾನು ಸೋತು ಚಾಸಿಯನ್ನು ಉಳಿಸಬೇಕು. ಒಳ್ಳೆಯ ಗಾರ್ಡಿಗೆ ನಾನು ಕೊಡುವ ಲಕ್ಷಣ ಇದೊಂದೇ. ಹಳೆಯ ಕಾಲದ ತೆಳು ಗಾರ್ಡುಗಳು ಹಾಗೇ ಇದ್ದವು.

ಮಗಳೇ ಒಂದು ವರದಿಯನ್ನೂ ಓದಲು ಕೊಟ್ಟಳು. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ಸಂಗಡಿಗರು ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ 900 ಬೈಕ್ ಅಪಘಾತಗಳನ್ನು ಪರಿಶೀಲಿಸಿ 1981ರಲ್ಲಿ ಹೊರತಂದದ್ದು. ಅದರಲ್ಲಿ ಗಾರ್ಡಿನ ಬಗ್ಗೆ ಹೇಳಿದ ಮಾತು ನನ್ನನ್ನು ಬಹಳ ಹೊತ್ತು ಯೋಚಿಸುವಂತೆ ಮಾಡಿತು. ಗಾರ್ಡಿನಿಂದ ಪಾದಕ್ಕೂ ಕಣಕಾಲಿಗೂ ಆಗುವ ಗಾಯ ಕಡಿಮೆಯಾಗುತ್ತದೆ, ಆದರೆ ಮೊಣಕಾಲು, ತೊಡೆ, ಮೊಣಕಾಲಿನ ಕೆಳಭಾಗಕ್ಕೆ ಆಗುವ ಗಾಯ ಅಷ್ಟೇ ಹೆಚ್ಚಾಗುತ್ತದೆ, ಒಟ್ಟಿನಲ್ಲಿ ಸವಾರನ ಕಾಲಿಗೆ ಅದರಿಂದ ಲಾಭವಿಲ್ಲ ಎಂಬುದು ಅವರ ನಿರ್ಣಯ. ನಮ್ಮಲ್ಲಿ ಅದನ್ನು ಕರೆಯುವುದೇ ಲೆಗ್ ಗಾರ್ಡ್ ಎಂದು, ಕೊಳ್ಳುವವರೂ ಕಾಲಿಗಾಗಿಯೇ ಕೊಳ್ಳುತ್ತಾರೆ. ಎಲುಬು ಮುರಿದ ದನಗಳನ್ನು ನೋಡಿ ಅನುಭವವಿದ್ದ ನನಗೆ ವರದಿಯ ತರ್ಕ ಅರ್ಥವಾಯಿತು. ವೇಗದಲ್ಲಿ ಬಿದ್ದಾಗ ಮೈ ಮುಂದಕ್ಕೆ ಜಾರುತ್ತದೆ, ದಾರಿಯಲ್ಲಿ ಮೊದಲು ಸಿಗುವುದು ಅದೇ ಕಬ್ಬಿಣದ ಬಾಗು. ಅಂದಿನಿಂದ ಗಾರ್ಡು ಇಂಜಿನ್ನಿಗೆ, ನನ್ನ ಕಾಲಿಗೆ ಬೂಟು ಮತ್ತು ನಿಧಾನ ಎಂದು ಎರಡನ್ನೂ ಬೇರೆ ಮಾಡಿಕೊಂಡೆ.

ಹುಡುಕಾಟಕ್ಕೆ ಮರಳುತ್ತೇನೆ. ಬೆಂಗಳೂರಿಗೆ ಇಲಾಖೆಯ ಕೆಲಸವಿದ್ದಾಗಲೆಲ್ಲ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಭಾನುವಾರ ಸಿಕ್ಕಿದರೆ ಸಂಡೇ ಬಜಾರು. ನೆಲದ ಮೇಲೆ ಹರಡಿದ ಟಾರ್ಪಾಲಿನಲ್ಲಿ ಹಳೆಯ ಕಾರ್ಬುರೇಟರು, ಜಾವಾ ಟ್ಯಾಂಕು, ಗಡಿಯಾರದ ಬಿಡಿಭಾಗ, ಶಸ್ತ್ರಚಿಕಿತ್ಸೆಯ ಕತ್ತರಿ ಎಲ್ಲ ಒಟ್ಟಿಗೆ ಬಿದ್ದಿರುತ್ತವೆ. ಅಲ್ಲಿ ಸಿಕ್ಕ ಒಂದೆರಡು ಗಾರ್ಡುಗಳ ಪೈಪು ಒಳಗಿನಿಂದ ತುಕ್ಕು ತಿಂದು ಹೊರಗೆ ಕ್ರೋಮು ಮಾತ್ರ ಉಳಿದಿತ್ತು. ಮೈಸೂರಿನಲ್ಲಿ ಯೆಜ್ಡಿಯ ಗಾರ್ಡು ಬೇಕಾದಷ್ಟು ಕಂಡೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ್ದರೂ ಆ ಊರಿನ ಜನ ಆ ಗಾಡಿಯ ಒಂದು ಬೋಲ್ಟನ್ನೂ ಬಿಸಾಡಿದವರಲ್ಲ. ಯೆಜ್ಡಿಗೆ ಒಂದೇ ಸಿಲಿಂಡರಿನಿಂದ ಎರಡು ಸೈಲೆನ್ಸರ್ ಪೈಪು ಎಡಬಲಕ್ಕೆ ಇಳಿಯುವುದರಿಂದ ಅದರ ಗಾರ್ಡಿನ ಆಕಾರವೇ ಬೇರೆ, ನನಗೆ ಉಪಯೋಗವಿಲ್ಲ. ಆದರೂ ನಿಂತು ನೋಡಿದೆ. ಎರಡು ಪೈಪಿಗೂ ಜಾಗ ಬಿಟ್ಟು ಎಷ್ಟು ಚೊಕ್ಕವಾಗಿ ಬಳಸಿಕೊಂಡು ಹೋಗಿತ್ತು!

ಕೊನೆಗೆ ಅದು ಸಿಕ್ಕಿದ್ದು ಹಾಸನದ ಒಂದು ಗುಜರಿಯಲ್ಲಿ, ಒಡೆದ ಪಂಪ್‌ಸೆಟ್ಟುಗಳ ರಾಶಿಯ ಅಡಿಯಲ್ಲಿ. ಸರ್ಕಾರಿ ಗಾಡಿಯದು ಎಂದರು ಅಂಗಡಿಯವರು. ಮೇಲೆ ಬಿಳಿ ಬಣ್ಣ, ಕೆರೆದರೆ ಕಪ್ಪು, ಅದರಡಿ ಕೆಂಪು ಪ್ರೈಮರು. ಕೆಳಗಿನ ಕಣ್ಣುಗಳ ನಡುವಿನ ಅಂತರವನ್ನು ನಾನು ಸದಾ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ ರಟ್ಟಿನ ಅಚ್ಚಿಗೆ ಹಿಡಿದು ನೋಡಿದೆ. ಸರಿಯಾಗಿ ಕೂತಿತು. ಆ ಕ್ಷಣದ ಸಂತೋಷವನ್ನು ನಾನು ಅಡಗಿಸಲಿಲ್ಲ, ಅದಕ್ಕೆ ತಕ್ಕಂತೆ ಬೆಲೆಯೂ ಏರಿತು. ಎಡಗಡೆಯ ಬಾಗು ಒಳಕ್ಕೆ ಸ್ವಲ್ಪ ಒತ್ತಿಕೊಂಡಿತ್ತು, ಹಿಂದೊಮ್ಮೆ ತನ್ನ ಕೆಲಸ ಮಾಡಿದ ಗಾರ್ಡು ಅದು. ಹಗ್ಗದಲ್ಲಿ ತೂಗಿಹಾಕಿ ಸ್ಪ್ಯಾನರಿನಿಂದ ತಟ್ಟಿದೆ. ಒಳಗೆ ತುಕ್ಕು ತಿಂದ ಪೈಪು ಮಂಕಾಗಿ ಸದ್ದು ಮಾಡುತ್ತದೆ. ಇದು ದೇವಸ್ಥಾನದ ಜಾಗಟೆಯಂತೆ ನಾದ ಕೊಟ್ಟಿತು.

ಬೆಸುಗೆಯ ಪರೀಕ್ಷೆಯನ್ನು ಮೂಡಿಗೆರೆಯ ಲೇತ್ ಮೇಸ್ತ್ರಿ ಮಾಡಿ ತೋರಿಸಿದರು. ಅವರ ಮುಖ್ಯ ಕಸುಬು ಕಾಫಿ ಪಲ್ಪರುಗಳ ರಿಪೇರಿ. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಹಿಡಿದರೆ ರೊಬಸ್ಟಾ ಮುಗಿಯುವ ತನಕ ಅವರ ಬಳಿ ಬೇರೆ ಕೆಲಸದ ಮಾತೆತ್ತುವ ಹಾಗಿಲ್ಲ, ನಾನೂ ಎತ್ತಲಿಲ್ಲ. ಬೇಸಗೆಯಲ್ಲಿ ಕೈಗೆತ್ತಿಕೊಂಡರು. ಬೆಸುಗೆಯ ಸುತ್ತಲಿನ ಬಣ್ಣವನ್ನು ಪೂರ್ತಿ ಕೆರೆದು, ಸೀಮೆಎಣ್ಣೆ ಸವರಿ, ಅರ್ಧ ಗಂಟೆ ಬಿಟ್ಟು, ಬಟ್ಟೆಯಿಂದ ಒಣಗುವಂತೆ ಒರೆಸಿ, ಮೇಲೆ ಸುಣ್ಣದ ಪುಡಿ ಹಚ್ಚಿದರು. ಬಿರುಕಿದ್ದರೆ ಅದರೊಳಗೆ ಹೊಕ್ಕ ಎಣ್ಣೆ ಮತ್ತೆ ಹೊರಗೆ ಬಂದು ಬಿಳಿಯ ಮೇಲೆ ಕಪ್ಪು ಗೆರೆ ಮೂಡಿಸುತ್ತದೆ. ಬಲಗಡೆಯ ಕಣ್ಣಿನ ಬುಡದಲ್ಲಿ ಉಗುರಿನುದ್ದದ ಒಂದು ಗೆರೆ ಮೂಡಿತು. ಕೂದಲೆಳೆಯಷ್ಟು ತೆಳು. ಬಣ್ಣದಡಿ ಅದು ಯಾರಿಗೂ ಕಾಣುತ್ತಿರಲಿಲ್ಲ. ಅದನ್ನು ಬುಡದ ತನಕ ಉಜ್ಜಿ ತೆಗೆದು ಮತ್ತೆ ಬೆಸೆದರು.

ಒತ್ತಿಕೊಂಡಿದ್ದ ಎಡ ಬಾಗನ್ನು ನೇರ ಮಾಡಿದ್ದು ಅದಕ್ಕಿಂತ ಸೊಗಸಾದ ಕೆಲಸ. ಬರಿ ಕೊಳವೆಯನ್ನು ಕಾಯಿಸಿ ಎಳೆದರೆ ಮಡಿಕೆ ಬಿದ್ದು ಚಪ್ಪಟೆಯಾಗುತ್ತದೆ. ಅದಕ್ಕೆ ಒಳಗೆ ಮರಳು ತುಂಬಬೇಕು. ಹೊಳೆಯ ಮರಳನ್ನು ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದು, ತಣಿಸಿ, ಸ್ವಲ್ಪ ಸ್ವಲ್ಪವೇ ತುಂಬುತ್ತಾ ಪೈಪನ್ನು ಸುತ್ತಿಗೆಯಿಂದ ತಟ್ಟುತ್ತಾ ಗಟ್ಟಿಯಾಗಿ ಇಳಿಸಿ, ತುದಿಗೆ ಮರದ ಬಿರಡೆ ಬಡಿದರು. ಹುರಿಯುವುದು ಯಾಕೆಂದರೆ ಮರಳಿನಲ್ಲಿ ತೇವ ಉಳಿದರೆ ಬಿಸಿಗೆ ಆವಿಯಾಗಿ ಬಿರಡೆ ಗುಂಡಿನಂತೆ ಹಾರುತ್ತದೆ. "ಹಸಿ ಮರಳಲ್ಲಿ ಆಟ ಆಡಬಾರದು ಡಾಕ್ಟ್ರೇ" ಎಂದು ನನ್ನನ್ನು ಪೈಪಿನ ಬಾಯಿಯಿಂದ ದೂರ ನಿಲ್ಲಿಸಿದರು. ಗ್ಯಾಸಿನ ಜ್ವಾಲೆಗೆ ಬಾಗು ಕೆಂಪಾದ ಮೇಲೆ ಇಬ್ಬರು ಹಿಡಿದು ಮೆಲ್ಲಗೆ ಎಳೆದರು. ರಟ್ಟಿನ ಅಚ್ಚನ್ನು ಬಲಬದಿಗೆ ಹಿಡಿದು, ತಿರುಗಿಸಿ ಎಡಬದಿಗೆ ಹಿಡಿದು, ಎರಡೂ ಒಂದಾಗುವ ತನಕ ಬಿಡಲಿಲ್ಲ. ನೀರು ಹಾಕಿ ತಣಿಸಲು ಬಿಡದೆ ಹಾಗೇ ಗಾಳಿಗೆ ಆರಲು ಇಟ್ಟರು.

ಇನ್ನು ಹಿಡಿಕೆಗಳ ಕಥೆ. ಮೇಲಿನ ಕ್ಲಾಂಪಿಗೆ ಬಹಳ ಜನ ಯು ಆಕಾರದ ಬೋಲ್ಟು ಹಾಕುತ್ತಾರೆ. ಅದು ಡೌನ್ ಟ್ಯೂಬನ್ನು ಎರಡು ಗೆರೆಗಳಲ್ಲಿ ಮಾತ್ರ ಕಚ್ಚುತ್ತದೆ, ಕಚ್ಚಿದ ಜಾಗ ತಗ್ಗಾಗುತ್ತದೆ. ನಮ್ಮ ಮೇಸ್ತ್ರಿ ಒಂದು ಉಕ್ಕಿನ ತುಂಡನ್ನು ಲೇತಿಗೆ ಕಟ್ಟಿ, ವರ್ನಿಯರ್ ಹಿಡಿದು ನೋಡಿದ ಅಳತೆಗೆ ಕೊರೆದು, ನಡುವೆ ಗರಗಸದಿಂದ ಸೀಳಿ ಎರಡು ಹೋಳು ಮಾಡಿದರು. ಗರಗಸ ತಿಂದ ಸಂದು ಹಾಗೇ ಉಳಿಯಬೇಕು. ಬಿಗಿದ ಮೇಲೂ ಎರಡು ಹೋಳುಗಳ ನಡುವೆ ಒಂದು ಹಳೆಯ ಬ್ಲೇಡು ತೂರುವಷ್ಟಾದರೂ ಜಾಗವಿದ್ದರೆ ಮಾತ್ರ ಅವು ಕೊಳವೆಯನ್ನು ಹಿಡಿದಿವೆ ಎಂದರ್ಥ. ಒಂದಕ್ಕೊಂದು ತಾಗಿಬಿಟ್ಟರೆ ಹಿಡಿದಿರುವುದು ಒಂದನ್ನೊಂದು ಮಾತ್ರ. ಬಣ್ಣ ಉಳಿಯಲೆಂದು ಸೈಕಲ್ ಟ್ಯೂಬಿನ ದಪ್ಪ ರಬ್ಬರು ಹಾಕುವುದನ್ನೂ ಅವರು ಒಪ್ಪಲಿಲ್ಲ. ರಬ್ಬರು ದಿನ ಕಳೆದಂತೆ ಕುಗ್ಗುತ್ತದೆ, ಕ್ಲಾಂಪು ಸಡಿಲವಾಗಿ ಕೆಳಕ್ಕೆ ಜಾರುತ್ತದೆ, ಆಗ ಭಾರವೆಲ್ಲ ಕೆಳಗಿನ ಸ್ಟಡ್ಡಿನ ಮೇಲೆ ಬೀಳುತ್ತದೆ.

ಪೇರಿಸಿದ್ದ ವಾಷರುಗಳನ್ನು ತೆಗೆದರೂ ಆ ಸ್ಟಡ್ಡು ಈ ಗಾರ್ಡಿನ ಕಾಲುಗಳ ದಪ್ಪಕ್ಕೆ ಸಾಲದಷ್ಟು ಗಿಡ್ಡವಾಗಿತ್ತು. ಹೊಸದು ಮಾಡಲು ಇಎನ್ 8 ಉಕ್ಕಿನ ಸರಳು ತಂದರು. ಹಳೆಯ ಬುಲೆಟ್ಟಿನಲ್ಲಿ ತಲೆನೋವಿನ ವಿಷಯವೆಂದರೆ ಥ್ರೆಡ್ಡು. ಇಂಗ್ಲೆಂಡಿನ ನಕ್ಷೆಯಿಂದ ಬಂದ ಗಾಡಿಯಾದ್ದರಿಂದ ಬಹಳ ಕಡೆ ಇಂಚಿನ ಹಳೆಯ ಥ್ರೆಡ್ಡುಗಳೇ. ಮೂರೆಂಟಾಂಶ ಇಂಚಿನ ಬೋಲ್ಟನ್ನೇ ತೆಗೆದುಕೊಳ್ಳಿ: ಬ್ರಿಟಿಷ್ ಫೈನ್ ಆದರೆ ಇಂಚಿಗೆ 20 ಸುತ್ತು, ಸೈಕಲ್ ಥ್ರೆಡ್ ಆದರೆ 26. ಒಂದರ ಕೋನ 55 ಡಿಗ್ರಿ, ಇನ್ನೊಂದರದು 60. ಬರಿಗಣ್ಣಿಗೆ ಎಲ್ಲ ಒಂದೇ. ಹೊಂದದ ನಟ್ಟು ಒಂದೆರಡು ಸುತ್ತು ಸುಲಭವಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ, ಕೂತಿತು ಎಂದು ನಂಬಿ ಬಲ ಹಾಕಿದರೆ ಎರಡೂ ಹಾಳು. ಮೇಸ್ತ್ರಿ ಥ್ರೆಡ್ ಗೇಜಿನ ಹಲ್ಲುಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ಕೂರಿಸಿ ನೋಡಿ, ಹಳೆಯ ನಟ್ಟಿಗೆ ಹೊಂದುವಂತೆಯೇ ಲೇತಿನಲ್ಲಿ ಕತ್ತರಿಸಿದರು. ಇಂದು ನಮ್ಮ ಪಟ್ಟಣಗಳಲ್ಲಿ ಆ ಗೇಜು ಇಟ್ಟುಕೊಂಡವರು ಬಹಳ ಕಡಿಮೆ, ಇದನ್ನು ನೆನೆದರೆ ನನಗೆ ನಿಜವಾಗಿಯೂ ಕಳವಳವಾಗುತ್ತದೆ.

ಸ್ಟಡ್ಡು ಬದಲಿಸುವಾಗ ಮಾಡಿದ ಒಂದು ಉಪಾಯವನ್ನು ಬರೆದಿಡಲೇಬೇಕು. ಆ ಸ್ಟಡ್ಡನ್ನು ಹೊರಗೆಳೆದರೆ ಇಂಜಿನ್ನಿನ ಮುಂಭಾಗ ಕುಸಿಯುತ್ತದೆ, ತೂತುಗಳು ಒಂದಕ್ಕೊಂದು ತಪ್ಪುತ್ತವೆ. ಮೊದಲು ಕ್ರ್ಯಾಂಕ್ ಕೇಸಿನಡಿ ಹಲಗೆಯಿಟ್ಟು ಜಾಕಿನಿಂದ ಭಾರ ತೆಗೆದುಕೊಂಡರು. ಆಮೇಲೆ ಹೊಸ ಸ್ಟಡ್ಡಿನ ತುದಿಯನ್ನು ಹಳೆಯದರ ಬೆನ್ನಿಗೆ ಒತ್ತಿ ಹಿಡಿದು ಮರದ ಕೊಡತಿಯಿಂದ ತಟ್ಟುತ್ತಾ ಹೋದರು. ಹಳೆಯದು ಬಲಗಡೆಯಿಂದ ಹೊರಬರುತ್ತಿದ್ದಂತೆ ಹೊಸದು ಎಡಗಡೆಯಿಂದ ಒಳಗೆ ಹೋಗಿ ಜಾಗ ಹಿಡಿಯಿತು. ನಡುವೆ ಒಂದು ಗಳಿಗೆಯೂ ತೂತು ಖಾಲಿಯಿರಲಿಲ್ಲ.

ಗಾರ್ಡನ್ನು ಕೂರಿಸುವಾಗ ಎಲ್ಲ ನಟ್ಟುಗಳೂ ಸಡಿಲ. ಕೈಬೆರಳಿನಿಂದಲೇ ನಾಲ್ಕು ಸುತ್ತು ಹಾಕಿ, ಗಾರ್ಡು ತಾನಾಗಿ ನಿಲ್ಲುವ ಜಾಗಕ್ಕೆ ಬಂದ ಮೇಲೆ ಮೊದಲು ಕೆಳಗೆ, ಆಮೇಲೆ ಮೇಲೆ, ಸ್ವಲ್ಪ ಸ್ವಲ್ಪವೇ ಬಿಗಿದದ್ದು. ಬೋಲ್ಟು ಬೆರಳಿಗೆ ಬಗ್ಗದೆ ಎಲ್ಲಾದರೂ ನಿಂತರೆ ಗಾರ್ಡು ಇನ್ನೂ ಹೊಂದಿಲ್ಲವೆಂದೇ ಲೆಕ್ಕ, ಮತ್ತೆ ಬಿಚ್ಚುವುದು. ಬಲಗಡೆ ಬೆಂಡ್ ಪೈಪಿಗೂ ಗಾರ್ಡಿಗೂ ನಡುವೆ ಕಿರುಬೆರಳು ಹೋಗುವಷ್ಟು ಜಾಗವಿತ್ತು, ಆದರೂ ಇಂಜಿನ್ ಚಾಲೂ ಮಾಡಿ ಕುಲುಕಾಟದಲ್ಲಿ ನೋಡಿದೆವು. ಒಬ್ಬರು ಹ್ಯಾಂಡಲಿನ ಮೇಲೆ ಭಾರ ಹಾಕಿ ಮುಂದಿನ ಫೋರ್ಕು ಒತ್ತಿ ಹಿಡಿದು, ಇನ್ನೊಬ್ಬರು ಚಕ್ರವನ್ನು ಎರಡೂ ಕಡೆ ತುದಿಯ ತನಕ ತಿರುಗಿಸಿ, ಮಡ್‌ಗಾರ್ಡು ಎಲ್ಲೂ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆವು. ನನ್ನ ಬೂಟುಗಾಲು ಗೇರಿನ ಮೇಲೂ ಬ್ರೇಕಿನ ಮೇಲೂ ಅಡ್ಡಿಯಿಲ್ಲದೆ ಆಡಬೇಕು. ಟೈಮಿಂಗ್ ಕವರು ಬಿಚ್ಚಲು ಗಾರ್ಡು ತೆಗೆಯುವ ಪ್ರಸಂಗ ಬರಬಾರದು. ಎಲ್ಲವೂ ಸರಿಹೋಯಿತು. ಸ್ಪ್ರಿಂಗ್ ವಾಷರಿನ ಬದಲು ಒಳಗೆ ನೈಲಾನ್ ಬಳೆಯಿರುವ ನಟ್ಟು ಕ್ಲಾಂಪಿಗೆ ಹಾಕಿದೆವು, ಅದೊಂದು ಜಾಗದಲ್ಲಿ ಮೆಟ್ರಿಕ್ ಬೋಲ್ಟು ಬಳಸಿದ್ದರಿಂದ ಅದು ಸಾಧ್ಯವಾಯಿತು.

ಬಣ್ಣದ ಬಗ್ಗೆ ಮನೆಯಲ್ಲಿ ಚರ್ಚೆ ನಡೆಯಿತು. ಹೆಂಡತಿಗೆ ಕ್ರೋಮು ಇಷ್ಟ. ಬುಲೆಟ್ಟಿಗೆ ಅದೇ ಲಕ್ಷಣ, ನಿಜ. ಆದರೆ ಕ್ರೋಮಿನ ಹೊಳಪು ಬಹಳ ತೆಳುವಾದ ಪದರ, ತುಕ್ಕು ತಡೆಯುವುದು ಅದರಡಿಯ ನಿಕ್ಕೆಲ್ಲು. ನಿಕ್ಕೆಲ್ಲಿನಲ್ಲಿ ಜಿಪುಣತನ ಮಾಡಿದರೆ ನಮ್ಮ ಕೊಟ್ಟಿಗೆಹಾರದ ಮಳೆಯಲ್ಲಿ ಒಂದು ವರ್ಷಕ್ಕೇ ಚುಕ್ಕಿ ಬೀಳುತ್ತದೆ. ಅದಕ್ಕಿಂತ ದೊಡ್ಡ ಕಾರಣ ಬೇರೆ. ಪೀಣ್ಯದ ಲೇಪನದ ಘಟಕಗಳಿಂದ ಹರಿದ ವಿಷಕಾರಿ ಕ್ರೋಮಿಯಂ ಅಲ್ಲಿನ ಅಂತರ್ಜಲಕ್ಕೆ ಸೇರಿದ ವರದಿಗಳನ್ನು ಓದಿದವನು ನಾನು. ಹೊಳಪಿನ ಆಸೆಗೆ ಅದನ್ನು ಇನ್ನಷ್ಟು ಮಾಡಿಸಲು ಮನಸ್ಸು ಬರಲಿಲ್ಲ. ಒಳಗಿನ ಮರಳನ್ನೆಲ್ಲ ಕೊಡವಿ, ಪೈಪಿನ ಅತಿ ತಗ್ಗಿನ ಜಾಗದಲ್ಲಿ ನೀರಿಳಿಯಲು ಸಣ್ಣ ತೂತು ಕೊರೆದು, ಕಪ್ಪು ಪೌಡರ್ ಕೋಟಿಂಗ್ ಮಾಡಿಸಿದೆ. ಸುಮಾರು 200 ಡಿಗ್ರಿ ಒಲೆಯಲ್ಲಿ ಬೆಂದ ಬಣ್ಣ ಅದು. ಅದರ ಮೇಲೆ ನೈಲಾನ್ ಹಗ್ಗ ಸುತ್ತುವ ರೂಢಿ ನಮ್ಮ ಕಡೆ ಇದೆ, ಕೆಂಪು ಹಳದಿ ಹೆಣಿಗೆ ನೋಡಲು ಬಹಳ ಚೆಂದ. ಹಗ್ಗದಡಿ ನೀರು ನಿಂತು ಒಳಗೊಳಗೇ ತಿನ್ನುತ್ತದೆಂದು ನಾನು ಸುತ್ತಿಸಲಿಲ್ಲ. ಮಳೆಗಾಲದಲ್ಲಿ ಕಾಲು ನೆನೆಯದಂತೆ ಗಾರ್ಡಿಗೆ ರೆಕ್ಸಿನ್ ಕಟ್ಟುವವರಿಗೂ ನನ್ನದೊಂದು ವಿನಂತಿ: ಗಾಳಿಯಿಂದಲೇ ತಣಿಯುವ ಇಂಜಿನ್ನು ಅದು, ನಡುವಿನ ಜಾಗವನ್ನು ಮುಚ್ಚಬೇಡಿ.

2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಾಹನಗಳ ಮುಂದಿನ ಕ್ರ್ಯಾಶ್ ಗಾರ್ಡು, ಬುಲ್ ಬಾರುಗಳ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆದಾಗ ನಮ್ಮ ಗ್ಯಾರೇಜಿನಲ್ಲೂ ಗಾಬರಿಯಾಯಿತು. ಕಾರು ಜೀಪುಗಳ ಮುಂದೆ ಕಟ್ಟುವ ಕಬ್ಬಿಣ ಪಾದಚಾರಿಗಳಿಗೆ ಅಪಾಯ, ಏರ್‌ಬ್ಯಾಗಿಗೂ ಅಡ್ಡಿ ಎಂಬ ಮಾತು ನನಗೆ ಪೂರ್ತಿ ಒಪ್ಪಿಗೆ. ಬೈಕಿನ ಗಾರ್ಡು ಹ್ಯಾಂಡಲಿನ ಅಗಲ ಮೀರಬಾರದು, ಚೂಪು ತುದಿ ಇರಬಾರದು ಎಂಬುದು ಅಂದಿನಿಂದ ನಾನು ಎಲ್ಲರಿಗೂ ಹೇಳುವ ಅಳತೆ. ದಾರಿಯಲ್ಲಿ ನಡೆಯುವವರ ಮೊಣಕಾಲೂ ಮೊಣಕಾಲೇ.

ಗಾರ್ಡು ತನ್ನ ಕೆಲಸ ಮಾಡಿದ್ದು ಒಂದು ಜುಲೈಯಲ್ಲಿ, ಚಾರ್ಮಾಡಿಯ ಕಡೆಯಿಂದ ಹತ್ತಿ ಬರುವಾಗ. ಮಂಜು ಕವಿದಿತ್ತು, ತಿರುವಿನಲ್ಲಿ ಲಾರಿಗೆ ದಾರಿ ಬಿಡಲು ಅಂಚಿಗೆ ಸರಿದೆ, ಪಾಚಿಗಟ್ಟಿದ ಟಾರಿನ ಮೇಲೆ ಮುಂಚಕ್ರ ಜಾರಿತು. ನಡಿಗೆಯ ವೇಗ. ಬಲಕ್ಕೆ ಬಿದ್ದೆ. ಗಾಡಿ ಗಾರ್ಡಿನ ಮೇಲೆ ಮಲಗಿತು, ಟೈಮಿಂಗ್ ಕವರು ನೆಲದಿಂದ ಗೇಣು ಎತ್ತರದಲ್ಲಿತ್ತು. ಪಾದಕ್ಕೆ ಏನೂ ಆಗಲಿಲ್ಲ, ಮೊಣಕಾಲು ಗಾರ್ಡಿಗೆ ಬಡಿದು ವಾರಗಟ್ಟಲೆ ನೀಲಿಗಟ್ಟಿತ್ತು. ಹರ್ಟ್ ಅವರ ವರದಿಯಲ್ಲಿ ಓದಿದ್ದು ನನ್ನ ಕಾಲಿನಲ್ಲೇ ಕಾಣುತ್ತಿತ್ತು. ಲಾರಿಯವರು ಇಳಿದು ಎತ್ತಿಕೊಟ್ಟರು. ಒಂದೇ ಕಿಕ್ಕಿಗೆ ಚಾಲೂ ಆಯಿತು, ಆ ರಾತ್ರಿ ನೋಡಬೇಕಿದ್ದ ಹಸುವನ್ನು ನೋಡಿ ಬಂದೆ. ಮರುದಿನ ಅಚ್ಚು ಹಿಡಿದಾಗ ಗಾರ್ಡಿನ ಬಲ ಬಾಗು ಬೆರಳಗಲ ಒಳಗೆ ಬಂದಿತ್ತು. ಡೌನ್ ಟ್ಯೂಬಿಗೆ ದಾರ ಹಿಡಿದು ನೋಡಿದರೆ ನೆಟ್ಟಗೇ ಇತ್ತು. ಮತ್ತೆ ಮರಳು ಹುರಿದೆವು.

ಈಗ ನಾನು ನಿವೃತ್ತ. ರಟ್ಟಿನ ಅಚ್ಚು ಹರಿದುಹೋಗಿ, ಅದರ ಅಳತೆಗೇ ಒಂದು ತಗಡಿನ ಅಚ್ಚು ಮಾಡಿಸಿಟ್ಟಿದ್ದೇನೆ. ಕೇಳಿಕೊಂಡು ಬಂದವರಿಗೆ ಕೊಡುತ್ತೇನೆ. ಹೋದ ಬೇಸಗೆಯಲ್ಲಿ ಬಾಳೆಹೊನ್ನೂರಿನಿಂದ ಒಬ್ಬ ಹುಡುಗ ಬಂದ, ಅಜ್ಜನ ಕಾಲದ ಬುಲೆಟ್ಟು, ನನ್ನದಕ್ಕಿಂತ ಹಳೆಯದು. ಅವನು ತಂದಿದ್ದ ಗಾರ್ಡಿನ ಕೆಳಗಿನ ಕಣ್ಣುಗಳು ಅಚ್ಚಿಗೆ ಕೂತವು. ಮೇಲಿನ ಕ್ಲಾಂಪು ಮಾತ್ರ ಅವನ ಡೌನ್ ಟ್ಯೂಬಿಗೆ ಸಡಿಲ, ಯಾರೋ ಹಳೆಯ ಬಣ್ಣವನ್ನೆಲ್ಲ ಉಜ್ಜಿ ತೆಗೆಸಿದ್ದರು. ಒಳಗೆ ರಬ್ಬರು ತುಂಬಿ ಬಿಗಿಯೋಣವೇ ಎಂದ. ಬೇಡವೆಂದು ಅವನನ್ನು ಕರೆದುಕೊಂಡು ಲೇತ್ ಮೇಸ್ತ್ರಿಯ ಬಳಿಗೆ ಹೋದೆ. ಅವರು ವರ್ನಿಯರ್ ಹಿಡಿದು ಕೊಳವೆಯನ್ನು ಮೂರು ಕಡೆ ಅಳೆದು, ಅಂಕಿಯನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು, ಪಲ್ಪರಿನ ಕೆಲಸ ಎರಡು ಬಾಕಿಯಿದೆ, ಮುಂದಿನ ವಾರ ಬನ್ನಿ ಎಂದರು.